ಕಟ್ಟಡದ ಭಾರವನ್ನು ಹೊರುವವರಾರು?

ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿಬಂದ ವಿದ್ಯಾರ್ಥಿಗಳು ಅಲ್ಲಿಯ ಹಳೆಯ ಮನೆಗಳ ಗೋಡೆಯನ್ನು ಗಮನಿಸಿರಬಹುದು. ಮಣ್ಣಿನದಾಗಲಿ ಕಲ್ಲಿನದಾಗಲಿ, ಅದು ಒಂದೂವರೆ ಎರಡು ಅಡಿ ದಪ್ಪವಾಗಿರುವುದು. ಕಿಟಕಿಗಳು ಚಿಕ್ಕವು, ಬಾಗಿಲುಗಳು ತಗ್ಗಾದವು. ಇದು ಹಿರಿಯರ ಜಿಪುಣತನದ ಫಲವಲ್ಲ. ಹೆಂಚು, ಜಂತಿ, ಅಟ್ಟ, ಅಟ್ಟದ ಮೇಲಿನ ಧಾನ್ಯದ ಮೂಟೆ ಇವೆಲ್ಲವುಗಳ ಭಾರವು ಆ ಗೋಡೆಯ ಮೇಲೆಯೇ ಕುಳಿತಿರುವುದು. ಗೋಡೆಯಲ್ಲಿ ದೊಡ್ಡ ಕಂಡಿಯನ್ನು ತೆರೆದಷ್ಟೂ ಹೊರುವ ಮೈ ಕಡಮೆಯಾಗುವುದು. ಗೋಡೆ ಬಿದ್ದರೆ ಮಾಡೂ ಬೀಳುವುದು.

ಮುಂಬಯಿಗೆ ಮರಳಿ, ಹೊಸದಾಗಿ ಏಳುತ್ತಿರುವ ಯಾವುದಾದರೊಂದು ಕಟ್ಟಡದ ಎದುರಿಗೆ ನಿಂತು ನೋಡಿರಿ. ಏಳನೆಯ ಅಂತಸ್ತಿನ ಚಾವಣಿಯೂ ಸಿದ್ಧವಾಗಿದೆ. ಆದರೆ ಒಂದು ಗೋಡೆಯೂ ಇಲ್ಲ. ಕಂಬಗಳು, ಅವುಗಳನ್ನು ಕೂಡಿಸುವ ತೊಲೆಗಳು, ತೊಲೆಗಳ ಮೇಲೆ ಹಾಸಿದ ಕಾಂಕ್ರೀಟಿನ ಚಾವಣಿಗಳು, ಇಷ್ಟೇ. ಆಮೇಲೆ ಬರುವ ಇಟ್ಟಿಗೆಯ ಗೋಡೆಯು ಅನೇಕ ಕಡೆ ನಾಲ್ಕೂವರೆ ಇಂಚು ಮಾತ್ರ ದಪ್ಪ. ಮೇಲಿನಿಂದ ಇಳಿದುಬರುವ ಭಾರದ ಮಟ್ಟಿಗೆ ಹೇಳುವುದಾದರೆ ಆ ಗೋಡೆಯು ತನ್ನ ಮೈಯನ್ನು ಬಿಟ್ಟು ಬೇರೇನನ್ನೂ ಹೊರುವುದಿಲ್ಲ. ಮಳೆ, ಗಾಳಿ, ನೆರೆಯವರ ದೃಷ್ಟಿ, ಇವುಗಳನ್ನು ತಡೆಯುವುದೇ ಅದರ ಕೆಲಸ. ನಮ್ಮ ದೇಹದ ಭಾರವನ್ನು ಎಲುಬಿನ ಹಂದರವು ಹೊರುವಂತೆ ಇಲ್ಲಿ ಕಂಬ ತೊಲೆಗಳ ಹಂದರವು ಹೊರುವುದು. ಇದಕ್ಕೆ ಚೌಕಟ್ಟಿನ ರಚನೆ ಎಂದು ಹೆಸರು. ನಮ್ಮ ನಗರದಲ್ಲಿ ಇದರ ಬಹು ಹಳೆಯ ಉದಾಹರಣೆಯೊಂದುಂಟು. ಕಾಲಾಘೋಡಾದ ಬಳಿಯ ವಾಟ್ಸನ್ ಹೋಟೆಲು ೧೮೬೦ರ ದಶಕದ ಕೊನೆಯಲ್ಲಿ ಎದ್ದುನಿಂತಿತು. ಅದರ ಎರಕದ ಕಬ್ಬಿಣದ ಭಾಗಗಳನ್ನು ಇಂಗ್ಲೆಂಡಿನಲ್ಲಿ ತಯಾರಿಸಿ, ಹಡಗಿನಲ್ಲಿ ತಂದು, ಇಲ್ಲಿ ಜೋಡಿಸಿದರು. ಮುಂದೆ ಅದಕ್ಕೆ ಎಸ್ಪ್ಲನೇಡ್ ಮ್ಯಾನ್ಷನ್ ಎಂಬ ಹೆಸರಾಯಿತು.

ಭಾರವೆಂದರೆ ಎಷ್ಟು? ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಒಂದು ಸಾಧಾರಣ ಕೋಣೆಯನ್ನು ತೆಗೆದುಕೊಳ್ಳೋಣ. ಅದರ ಚಾವಣಿಯು ಹನ್ನೆರಡೂವರೆ ಸೆಂಟಿಮೀಟರ್ ದಪ್ಪವಿದ್ದರೆ ಒಂದೂವರೆ ಘನ ಮೀಟರ್ ಕಾಂಕ್ರೀಟ್ ಆಯಿತು. ಒಂದು ಘನ ಮೀಟರ್ ಕಾಂಕ್ರೀಟಿನ ತೂಕ ಸುಮಾರು ೨,೫೦೦ ಕಿಲೋಗ್ರಾಂ. ಎಂದರೆ ನಿಮ್ಮ ತಲೆಯ ಮೇಲಿನ ಚಾವಣಿಯು ೩,೭೫೦ ಕಿಲೋಗ್ರಾಂ ತೂಗುವುದು. ಬೆಳೆದ ಆನೆಯೊಂದನ್ನು ಮಾಳಿಗೆಯ ಮೇಲೆ ಸದಾ ಕಟ್ಟಿಹಾಕಿದಂತೆ! ಇದು ಎಂದೂ ಕದಲದ ಸ್ಥಿರಭಾರ. ಜನರು, ಕಪಾಟು, ಮಂಚ, ಅಕ್ಕಿಯ ಚೀಲ ಇವು ಬಂದುಹೋಗುವ ಚರಭಾರ. ವಾಸದ ಮನೆಗೆ ಚದರ ಮೀಟರಿಗೆ ಸುಮಾರು ೨೦೦ ಕಿಲೋಗ್ರಾಂ ಚರಭಾರವನ್ನು ಎಣಿಸಬೇಕೆಂದು ಎಂಜಿನಿಯರರು ಕಟ್ಟುಮಾಡಿಕೊಂಡಿದ್ದಾರೆ. ತೊಲೆ ಗೋಡೆಗಳನ್ನೂ ಕೂಡಿಸಿ, ಒಂದು ಕಂಬದ ಪಾಲಿಗೆ ಅಂತಸ್ತಿಗೆ ಹತ್ತು ಟನ್ ಬರುವುದೆಂದು ಹಿಡಿದರೆ, ಏಳು ಅಂತಸ್ತುಗಳ ಕೆಳಗೆ ನಿಂತ ಕಂಬಕ್ಕೆ ಎಪ್ಪತ್ತು ಟನ್ ಆಯಿತು. ಮೊಸರು ಕುಡಿಕೆಯ ದಿನ ಗೋವಿಂದರ ಗೋಪುರವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುದಿಯ ಹುಡುಗನು ಯಾರನ್ನೂ ಹೊರುವುದಿಲ್ಲ. ಬುಡದವನು ಎಲ್ಲರನ್ನೂ ಹೊರುವನು. ಭಾರವು ಚಾವಣಿಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ಅಡಿಪಾಯಕ್ಕೆ, ಅಡಿಪಾಯದಿಂದ ನೆಲಕ್ಕೆ ನಡೆದು ಸಾಗಬೇಕು. ಈ ದಾರಿಯಲ್ಲಿ ಒಂದು ಹೆಜ್ಜೆ ತಪ್ಪಿದರೂ ಮೇಲಿನದೆಲ್ಲವೂ ಅಪಾಯಕ್ಕೆ ಸಿಲುಕುವುದು.

ಈಗ ತೊಲೆಯ ಪಾಡನ್ನು ನೋಡೋಣ. ಉದ್ದವಾದ ರಬ್ಬರಿನ ಪಕ್ಕದಲ್ಲಿ ಪೆನ್ನಿನಿಂದ ಸಮಾನ ಅಂತರದ ಅಡ್ಡಗೆರೆಗಳನ್ನು ಎಳೆದು, ಎರಡು ತುದಿಗಳನ್ನೂ ಹಿಡಿದು, ನಡುವು ಕೆಳಕ್ಕೆ ಇಳಿಯುವಂತೆ ಬಾಗಿಸಿರಿ. ಮೇಲ್ಭಾಗದಲ್ಲಿ ಗೆರೆಗಳು ಒಂದಕ್ಕೊಂದು ಹತ್ತಿರ ಬರುವುವು. ಕೆಳಭಾಗದಲ್ಲಿ ದೂರ ಸರಿಯುವುವು. ಒಂದೇ ತೊಲೆಯ ಮೇಲ್ಮೈ ಒತ್ತಡಕ್ಕೂ ಕೆಳಮೈ ಎಳೆತಕ್ಕೂ ಸಿಕ್ಕಿರುವುದೆಂಬುದಕ್ಕೆ ಇದೇ ಸಾಕ್ಷಿ. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುವುದು. ಎಳೆತಕ್ಕೆ ಮಾತ್ರ ಅದರ ಬಲ ಸುಮಾರು ಹತ್ತರಲ್ಲೊಂದು ಪಾಲು. ಆದುದರಿಂದಲೇ ಎಳೆತವಿರುವ ಕಡೆ ಉಕ್ಕಿನ ಸರಳುಗಳನ್ನು ಹುದುಗಿಸುವರು. ತೊಲೆಯ ನಡುವಿನಲ್ಲಿ ಅವು ತಳದಲ್ಲಿರಬೇಕು. ಗೋಡೆಯಿಂದ ಹೊರಕ್ಕೆ ಚಾಚಿಕೊಂಡಿರುವ ಬಾಲ್ಕನಿಯಲ್ಲಿ ಇದು ತಲೆಕೆಳಗು. ಅಲ್ಲಿ ಮೇಲ್ಮೈ ಎಳೆಯಲ್ಪಡುವುದು, ಸರಳುಗಳೂ ಮೇಲೆಯೇ ಇರಬೇಕು. ಕಾಂಕ್ರೀಟು ಸುರಿಯುವಾಗ ಕೆಲಸದವರು ಆ ಸರಳುಗಳ ಮೇಲೆ ಓಡಾಡಿ ಅವನ್ನು ಕೆಳಕ್ಕೆ ತುಳಿದರೆ, ಸರಳೇನೋ ಒಳಗೆ ಇದ್ದಂತಾಯಿತು, ಪ್ರಯೋಜನ ಮಾತ್ರ ಹೋಯಿತು. ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯದು.

ಚಪ್ಪಟೆಯಾಗಿ ಹಿಡಿದ ಅಡಿಕೋಲು ಸುಲಭವಾಗಿ ಬಾಗುವುದು, ಅಂಚಿನ ಮೇಲೆ ನಿಲ್ಲಿಸಿ ಹಿಡಿದರೆ ಬಾಗದು ಎಂಬುದನ್ನೂ ಪರೀಕ್ಷಿಸಿ ನೋಡಬಹುದು. ಗೆಲಿಲಿಯೋ ೧೬೩೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ಚರ್ಚಿಸಿದ್ದಾನೆ. ತೊಲೆಗಳು ಅಗಲಕ್ಕಿಂತ ಎತ್ತರ ಹೆಚ್ಚಾಗಿರುವುದಕ್ಕೆ ಇದೇ ಕಾರಣ.

ಕಂಬದ ವಿಚಾರ ಬೇರೆ. ಅದು ಒತ್ತಡವನ್ನು ಹೊರುವುದು, ಒತ್ತಡಕ್ಕೆ ಕಾಂಕ್ರೀಟೂ ಉಕ್ಕೂ ಗಟ್ಟಿ. ಹಾಗಾದರೆ ಕಂಬಕ್ಕೆ ಭಯವೇನು? ಪ್ಲಾಸ್ಟಿಕಿನ ಅಡಿಕೋಲನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ತುದಿಯನ್ನು ಅಂಗೈಯಿಂದ ಮೆಲ್ಲಗೆ ಅದುಮಿರಿ. ಸ್ವಲ್ಪ ಹೊತ್ತು ಅದು ನೆಟ್ಟಗಿರುವುದು. ಒತ್ತಡವು ಒಂದು ಮಿತಿಯನ್ನು ಮುಟ್ಟಿದೊಡನೆ ಪಕ್ಕಕ್ಕೆ ಬಳುಕಿ ಬಿಲ್ಲಾಗುವುದು. ಅಡಿಕೋಲು ನುಚ್ಚಾಗಲಿಲ್ಲ, ಹರಿಯಲಿಲ್ಲ, ಆದರೂ ಸೋತಿತು. ಇದಕ್ಕೆ ಬಳುಕು ಎಂದು ಹೆಸರಿಡೋಣ. ಈಗ ಗೆಳೆಯನೊಬ್ಬನು ಅಡಿಕೋಲಿನ ನಡುವನ್ನು ಎರಡು ಬೆರಳುಗಳಿಂದ ಹಿಡಿದಿರಲಿ. ಮತ್ತೆ ಅದುಮಿದರೆ ಎಷ್ಟೋ ಹೆಚ್ಚು ಬಲ ಬೇಕಾಗುವುದು. ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಎಂಬ ಸ್ವಿಸ್ ಗಣಿತಜ್ಞನು ಇದರ ಲೆಕ್ಕವನ್ನು ಬಿಡಿಸಿದನು. ತೆಳುವಾದ ಕೋಲಿನ ಉದ್ದವು ಎರಡು ಪಟ್ಟಾದರೆ ಬಳುಕದೆ ಹೊರುವ ಭಾರವು ನಾಲ್ಕರಲ್ಲೊಂದಾಗುವುದು. ಉದ್ದವು ಅರ್ಧವಾದರೆ ಭಾರವು ನಾಲ್ಕು ಪಟ್ಟಾಗುವುದು. ನಡುವನ್ನು ಹಿಡಿದ ಆ ಎರಡು ಬೆರಳುಗಳನ್ನು ನೆನಪಿನಲ್ಲಿಡಿರಿ. ಅವು ಮುಂದೆ ಬೇಕಾಗುವುವು.

ಈ ಬಳುಕನ್ನು ಲಘುವಾಗಿ ಕಂಡುದರ ಬೆಲೆ ಎಷ್ಟೆಂಬುದನ್ನು ಕೆನಡಾ ದೇಶದ ಕ್ವಿಬೆಕ್ ಸೇತುವೆಯ ಕಥೆಯಿಂದ ಅರಿಯಬಹುದು. ಸೇಂಟ್ ಲಾರೆನ್ಸ್ ನದಿಗೆ ಅಡ್ಡಲಾಗಿ ಉಕ್ಕಿನ ಸೇತುವೆಯೊಂದನ್ನು ಕಟ್ಟುತ್ತಿದ್ದರು. ಅದರ ನಡುವಿನ ಹರವನ್ನು ಮೊದಲು ೧,೬೦೦ ಅಡಿಯೆಂದು ಗೊತ್ತುಮಾಡಿ, ಬಳಿಕ ೧,೮೦೦ ಅಡಿಗೆ ಹೆಚ್ಚಿಸಿದರು. ಹರವು ಹೆಚ್ಚಿದಾಗ ಸೇತುವೆಯ ಸ್ವಂತ ತೂಕವೂ ಹೆಚ್ಚುವುದಷ್ಟೆ. ಆ ತೂಕವನ್ನು ಸಕಾಲದಲ್ಲಿ ಮತ್ತೆ ಎಣಿಸಲಿಲ್ಲ. ಸೇತುವೆಯ ಕೆಳಗಿನ ಅಂಚಿನ ಉಕ್ಕಿನ ಭಾಗಗಳು ಒತ್ತಡವನ್ನು ಹೊರತಕ್ಕವು. ಒಂದೊಂದು ಭಾಗವನ್ನೂ ಅಕ್ಕಪಕ್ಕದ ನಾಲ್ಕು ಉಕ್ಕಿನ ಫಲಕಗಳಿಂದ ಮಾಡಿ, ಅವು ಬಳುಕದಂತೆ ಅಡ್ಡಪಟ್ಟಿಗಳಿಂದ ಹೆಣೆದಿದ್ದರು. ಆ ಪಟ್ಟಿಗಳು ಸಾಲದಾಗಿದ್ದುವು. ೧೯೦೭ರ ಆಗಸ್ಟಿನಲ್ಲಿ ಅಂಥ ಭಾಗವೊಂದು ಎರಡು ಇಂಚಿನಷ್ಟು ಡೊಂಕಾಗಿರುವುದು ಸ್ಥಳದಲ್ಲಿದ್ದ ತರುಣ ಎಂಜಿನಿಯರ್ ಮೆಕ್ಲೂರನ ಕಣ್ಣಿಗೆ ಬಿತ್ತು. ಅದು ತಯಾರಾಗುವಾಗಲೇ ಡೊಂಕಾಗಿದ್ದಿರಬೇಕೆಂದು ಕೆಲವರು ವಾದಿಸಿದರು. ಮೆಕ್ಲೂರನು ನ್ಯೂಯಾರ್ಕಿಗೆ ಪ್ರಯಾಣ ಮಾಡಿ ಹಿರಿಯ ಎಂಜಿನಿಯರ್ ಕೂಪರನಿಗೆ ವಿಷಯವನ್ನು ತಿಳಿಸಿದನು. ಇನ್ನು ಭಾರವನ್ನು ಹೇರಕೂಡದೆಂದು ಕೂಪರನು ತಂತಿ ಕಳುಹಿಸಿದನು; ಆದರೆ ಕಳುಹಿಸಿದುದು ಪೆನ್ಸಿಲ್ವೇನಿಯಾದಲ್ಲಿದ್ದ ಕಾರಖಾನೆಯ ಕಚೇರಿಗೆ, ಸೇತುವೆಯ ಬಳಿಗಲ್ಲ. ಅತ್ತ ಕೆಲಸವು ನಡೆದೇ ಇತ್ತು. ಅದೇ ದಿನ, ಆಗಸ್ಟ್ ೨೯ರ ಸಂಜೆ, ಕೆಲಸ ಮುಗಿಸುವ ಹೊತ್ತಿಗೆ, ಆ ಡೊಂಕು ಭಾಗವು ಮಣಿಯಿತು. ಸುಮಾರು ೧೯,೦೦೦ ಟನ್ ಉಕ್ಕು ಹದಿನೈದು ಸೆಕೆಂಡುಗಳಲ್ಲಿ ಕುಸಿದುಬಿತ್ತು. ಸೇತುವೆಯ ಮೇಲಿದ್ದ ೮೬ ಮಂದಿಯಲ್ಲಿ ೭೫ ಮಂದಿ ಮಡಿದರು. ಸತ್ತವರಲ್ಲಿ ಎತ್ತರದ ಉಕ್ಕಿನ ಕೆಲಸದಲ್ಲಿ ನಿಪುಣರಾದ ಮೊಹಾಕ್ ಎಂಬ ಮೂಲನಿವಾಸಿಗಳು ಬಹು ಮಂದಿ. ಹೆಚ್ಚು ಭಾರವಾದ ಭಾಗಗಳಿಂದ ಮತ್ತೆ ಕಟ್ಟತೊಡಗಿದಾಗ, ೧೯೧೬ರಲ್ಲಿ, ನಡುವಿನ ತುಂಡನ್ನು ಮೇಲೆತ್ತುವಾಗ ಅದು ನದಿಗೆ ಬಿದ್ದು ೧೩ ಮಂದಿ ಸತ್ತರು. ೧೯೧೭ರಲ್ಲಿ ಪೂರ್ಣಗೊಂಡ ಸೇತುವೆಯು ಇಂದಿಗೂ ನಿಂತಿದೆ; ತನ್ನ ಜಾತಿಯ ಸೇತುವೆಗಳಲ್ಲಿ ಅದರ ಹರವೇ ಜಗತ್ತಿನಲ್ಲಿ ಅತಿ ಉದ್ದವಾದುದು.

ತೊಲೆಯನ್ನೂ ಕಂಬವನ್ನೂ ಬಿಡಿಬಿಡಿಯಾಗಿ ನೋಡಿದೆವು. ಅವೆರಡನ್ನೂ ಕೂಡಿಸಿ ಚೌಕಟ್ಟು ಮಾಡಿದಾಗ ಹೊಸದೊಂದು ಪ್ರಶ್ನೆ ಏಳುವುದು. ಇದಕ್ಕೆ ಬೇಕಾದ ಸಾಮಗ್ರಿ ಅಲ್ಪ: ಮದ್ದು ಕೆರೆದು ತೆಗೆದ ಬೆಂಕಿಕಡ್ಡಿಗಳು ಮತ್ತು ಸೈಕಲ್ಲಿನ ವಾಲ್ವಿಗೆ ಹಾಕುವ ಸಣ್ಣ ರಬ್ಬರಿನ ನಳಿಗೆ. ನಳಿಗೆಯನ್ನು ಚಿಕ್ಕಚಿಕ್ಕ ತುಂಡುಗಳಾಗಿ ಕತ್ತರಿಸಿ, ಒಂದೊಂದರ ಎರಡು ತುದಿಗಳಿಗೂ ಕಡ್ಡಿಗಳನ್ನು ಸಿಕ್ಕಿಸಿದರೆ ಸಂದು ಸಿದ್ಧವಾಯಿತು. ಎಂಜಿನಿಯರರಾಗಿದ್ದು ಮಕ್ಕಳ ವಿಜ್ಞಾನಕ್ಕೆ ತಮ್ಮನ್ನು ತೆತ್ತುಕೊಂಡ ಅರವಿಂದ ಗುಪ್ತಾ ಅವರು ಈ ಆಟವನ್ನು ನಮ್ಮ ದೇಶದಲ್ಲಿ ಪ್ರಸಿದ್ಧಗೊಳಿಸಿದರು. ನಾಲ್ಕು ಕಡ್ಡಿಗಳ ಚೌಕವೊಂದನ್ನೂ ಮೂರು ಕಡ್ಡಿಗಳ ತ್ರಿಕೋಣವೊಂದನ್ನೂ ಮಾಡಿ, ಮೂಲೆಯನ್ನು ಬೆರಳಿನಿಂದ ತಳ್ಳಿರಿ. ಚೌಕವು ಯಾವ ಕಡ್ಡಿಯನ್ನೂ ಮುರಿಯದೆ, ಉದ್ದಗೊಳಿಸದೆ, ವಾಲಿ ಚಪ್ಪಟೆಯಾಗುವುದು. ತ್ರಿಕೋಣವು ಕದಲದು. ರೇಖಾಗಣಿತದಲ್ಲಿ ನೀವು ಕಲಿತಿರುವುದೇ ಇದರ ಕಾರಣ: ಮೂರು ಬಾಹುಗಳ ಉದ್ದಗಳು ಗೊತ್ತಾದರೆ ತ್ರಿಕೋಣದ ಆಕಾರವು ನಿಶ್ಚಿತವಾಯಿತು; ನಾಲ್ಕು ಬಾಹುಗಳಿಂದ ಚತುರ್ಭುಜದ ಆಕಾರವು ನಿಶ್ಚಿತವಾಗದು. ಚೌಕಕ್ಕೆ ಒಂದು ಕರ್ಣವನ್ನು ಹಾಕಿದೊಡನೆ ಅದು ಎರಡು ತ್ರಿಕೋಣಗಳಾಗಿ ಬಿಗಿದು ನಿಲ್ಲುವುದು.

ಇದನ್ನು ಅರಿತ ಕಣ್ಣಿಗೆ ನಗರದ ತುಂಬ ತ್ರಿಕೋಣಗಳು ಕಾಣತೊಡಗುವುವು. ವಿದ್ಯುತ್ತಿನ ಗೋಪುರ, ರೈಲು ಸೇತುವೆ, ಎತ್ತರದ ಕಟ್ಟಡದ ನೆತ್ತಿಯ ಮೇಲಿನ ಕ್ರೇನು, ಎಲ್ಲೆಲ್ಲಿಯೂ ಓರೆಪಟ್ಟಿ. ಬಣ್ಣ ಬಳಿಯಲು ಬಿದಿರಿನ ಸಾರುವೆ, ಮರಾಠಿಯವರು ಪರಾಂಚಿ ಎನ್ನುವುದು, ಅದನ್ನು ಕಟ್ಟುವವನು ಯಾವ ಪುಸ್ತಕವನ್ನೂ ಓದಿಲ್ಲದಿದ್ದರೂ ನೆಟ್ಟಗಿನ ಮತ್ತು ಅಡ್ಡದ ಬಿದಿರುಗಳ ಮೇಲೆ ಕೆಲವನ್ನು ಓರೆಯಾಗಿ ಕಟ್ಟದೆ ಬಿಡನು. ತರಗತಿಯ ಹಳೆಯ ಬೆಂಚು ಅಲುಗತೊಡಗಿದಾಗ ಬಡಗಿಯು ಬಂದು ಕಾಲಿಗೆ ಓರೆಪಟ್ಟಿಯನ್ನೇ ಹೊಡೆಯುವನು.

ಆದರೆ ವಾಸದ ಕಟ್ಟಡದ ಚೌಕಟ್ಟಿನಲ್ಲಿ ಓರೆಪಟ್ಟಿಗಳು ಕಾಣುವುದು ಅಪೂರ್ವ. ಬಾಗಿಲು ಕಿಟಕಿಗಳಿಗೆ ಅವು ಅಡ್ಡಬರುವುವು. ಹಾಗಾದರೆ ಈ ಚೌಕಗಳಿಗೆ ಬಲವೆಲ್ಲಿಂದ? ಮೊದಲನೆಯದಾಗಿ ಸಂದುಗಳಿಂದ. ಕಂಬವೂ ತೊಲೆಯೂ ಕೂಡುವಲ್ಲಿ ಎರಡರ ಸರಳುಗಳನ್ನೂ ಹೆಣೆದು ಒಂದಾಗಿ ಎರಕಹೊಯ್ದರೆ, ಅಲ್ಲಿಯ ಲಂಬಕೋನವು ರಬ್ಬರು ನಳಿಗೆಯಂತೆ ತಿರುಗಲಾರದು. ಚೌಕವು ವಾಲಬೇಕಾದರೆ ಕಂಬ ತೊಲೆಗಳೇ ಬಾಗಬೇಕು. ಎರಡನೆಯದು, ಯಾರೂ ಲೆಕ್ಕಕ್ಕೆ ಹಿಡಿಯದ ನೆರವು: ಆ ತೆಳುವಾದ ಇಟ್ಟಿಗೆಯ ಗೋಡೆ. ಚೌಕವು ಪಕ್ಕಕ್ಕೆ ವಾಲಹೊರಟರೆ ಅದರೊಳಗೆ ತುಂಬಿದ ಗೋಡೆಯು ಮೂಲೆಯಿಂದ ಮೂಲೆಗೆ ಒತ್ತಿಕೊಂಡು ಅಡ್ಡನಿಲ್ಲುವುದು. ಕಾಣದ ಕರ್ಣವೊಂದು ಗೋಡೆಯೊಳಗೆ ಅಡಗಿದೆ ಎನ್ನಬಹುದು.

ಪಕ್ಕಕ್ಕೆ ವಾಲಿಸುವವರು ಯಾರು? ಗಾಳಿ ಮತ್ತು ಭೂಕಂಪ. ಲೋಕಲ್ ಗಾಡಿಯು ಫಕ್ಕನೆ ಹೊರಟಾಗ ನಿಂತವರ ಪಾದಗಳು ಗಾಡಿಯೊಡನೆ ಮುಂದೆ ಹೋಗುವುವು, ಮೈ ಇದ್ದಲ್ಲಿಯೇ ಉಳಿಯಬಯಸುವುದು. ಆಗ ಕಾಲುಗಳಿಗೆ ಜಗ್ಗಿದಂತಾಗುವುದಲ್ಲವೆ? ಭೂಮಿಯು ಅಲುಗಿದಾಗ ಕಟ್ಟಡದ ಪಾಡೂ ಇದೇ. ಅಡಿಪಾಯವು ಅತ್ತಿತ್ತ ಸರಿಯುವುದು. ಮೇಲಿನ ಸಾವಿರಾರು ಟನ್ ಹಿಂದುಳಿಯುವುದು. ಕಂಬಗಳು ಆ ಜಗ್ಗಾಟವನ್ನು ತಾಳಬೇಕು.

೨೦೦೧ರ ಜನವರಿ ೨೬ರಂದು, ಶಾಲೆಗಳಲ್ಲಿ ಗಣರಾಜ್ಯ ದಿನದ ಧ್ವಜವಂದನೆಯ ಹೊತ್ತಿನಲ್ಲಿ, ಬೆಳಗ್ಗೆ ೮ ಗಂಟೆ ೪೬ ನಿಮಿಷಕ್ಕೆ ಗುಜರಾತಿನ ಕಚ್ಛದಲ್ಲಿ ದೊಡ್ಡ ಭೂಕಂಪವಾಯಿತು. ಭುಜ್, ಭಚಾವ್ ಮೊದಲಾದ ಊರುಗಳು ನೆಲಸಮವಾದುವು. ಸತ್ತವರ ಸಂಖ್ಯೆ ಹದಿಮೂರು ಸಾವಿರವನ್ನು ಮೀರಿತು. ಎಂಜಿನಿಯರರನ್ನು ಬೆರಗುಗೊಳಿಸಿದುದು ಅಹಮದಾಬಾದಿನ ಸಂಗತಿ. ಕಂಪದ ಕೇಂದ್ರದಿಂದ ಸುಮಾರು ೨೨೫ ಕಿಲೋಮೀಟರ್ ದೂರದಲ್ಲಿದ್ದ ಆ ನಗರದಲ್ಲಿ ನೂರಕ್ಕೂ ಮಿಕ್ಕ ಕಾಂಕ್ರೀಟು ಚೌಕಟ್ಟಿನ ಕಟ್ಟಡಗಳು ಕುಸಿದುಬಿದ್ದುವು. ಅವುಗಳಿಗೆ ಸಮಾನವಾದ ಲಕ್ಷಣವೊಂದಿತ್ತು: ವಾಹನ ನಿಲ್ಲಿಸಲೆಂದು ನೆಲದ ಅಂತಸ್ತನ್ನು ಗೋಡೆಯಿಲ್ಲದೆ, ಬರಿಯ ಕಂಬಗಳ ಮೇಲೆ ಬಿಟ್ಟಿದ್ದರು.

ಬೆಂಕಿಕಡ್ಡಿಯ ಚೌಕವನ್ನು ಬಲ್ಲವರಿಗೆ ಇದರ ಮರ್ಮ ಹೊಳೆಯದಿರದು. ಮೇಲಿನ ಅಂತಸ್ತುಗಳಲ್ಲಿ ಗೋಡೆ ತುಂಬಿದ್ದರಿಂದ ಚೌಕಗಳೆಲ್ಲವೂ ಬಿಗಿಯಾಗಿ, ಅಷ್ಟೂ ಕೂಡಿ ಒಂದೇ ಗಟ್ಟಿ ಪೆಟ್ಟಿಗೆಯಂತಾದುವು. ನೆಲದ ಅಂತಸ್ತಿನ ಚೌಕಗಳಿಗೆ ಕಾಣುವ ಕರ್ಣವೂ ಇಲ್ಲ, ಕಾಣದ ಕರ್ಣವೂ ಇಲ್ಲ. ಎಲ್ಲ ಅಂತಸ್ತುಗಳಿಗೂ ಹಂಚಿಹೋಗಬೇಕಾದ ವಾಲಾಟವು ಅದೊಂದರಲ್ಲಿಯೇ ನಡೆಯಿತು. ಗೋವಿಂದರ ಗೋಪುರದಲ್ಲಿ ಎಲ್ಲರಿಗಿಂತ ಬಲಶಾಲಿಗಳನ್ನು ಬುಡದಲ್ಲಿ ನಿಲ್ಲಿಸುವರು. ಇಲ್ಲಿ ಎಲ್ಲಕ್ಕಿಂತ ದುರ್ಬಲವಾದ ಅಂತಸ್ತು ಬುಡದಲ್ಲಿತ್ತು. ಕಂಬಗಳು ತಲೆಯಲ್ಲಿಯೂ ಬುಡದಲ್ಲಿಯೂ ಮುರಿದುವು. ಮೇಲಿನ ಪೆಟ್ಟಿಗೆಯು ಇಳಿದು ಕುಳಿತಿತು.

ಮುರಿದ ಕಂಬಗಳ ಒಳಗೆ ಇನ್ನೊಂದು ದೋಷವೂ ಕಂಡುಬಂದಿತು. ಕಂಬದ ಉದ್ದ ಸರಳುಗಳನ್ನು ಸುತ್ತಿ ಕಟ್ಟುವ ಸಣ್ಣ ಬಳೆಗಳುಂಟು. ಕೆಲಸದವರು ರಿಂಗು ಎನ್ನುವರು. ಉದ್ದ ಸರಳು ಅಡಿಕೋಲಿನಂತೆ ತೆಳುವಾದ ಕೋಲು. ರಿಂಗುಗಳು ಅದರ ನಡುವನ್ನು ಹಿಡಿದ ಬೆರಳುಗಳು! ರಿಂಗುಗಳನ್ನು ಹತ್ತಿರ ಹತ್ತಿರ ಕಟ್ಟಿದ್ದರೆ ಸರಳು ಬಳುಕದು, ಒಳಗಿನ ಕಾಂಕ್ರೀಟೂ ಚೆದರದು. ದೂರ ದೂರ ಕಟ್ಟಿದ್ದರೆ, ಹೊರಗಿನ ಕಾಂಕ್ರೀಟು ಉದುರಿದೊಡನೆ ಸರಳು ಬಳುಕಿ ಬಿಲ್ಲಾಗುವುದು. ರಿಂಗಿನ ಕೊಕ್ಕೆಯನ್ನು ೯೦ ಅಂಶಕ್ಕೆ ಬಾಗಿಸಿ ಬಿಟ್ಟರೆ ಅಲುಗಾಟದಲ್ಲಿ ಅದು ಬಿಚ್ಚಿಕೊಳ್ಳುವುದು. ೧೩೫ ಅಂಶಕ್ಕೆ ಬಾಗಿಸಿ ಕಂಬದ ಹೊಟ್ಟೆಯೊಳಕ್ಕೆ ಚುಚ್ಚಬೇಕು. ಬೆರಳುದ್ದದ ಸರಳಿನ ತುದಿ ಎತ್ತ ತಿರುಗಿದೆ ಎಂಬುದು ಇಡಿಯ ಮನೆಯವರ ಜೀವದ ಪ್ರಶ್ನೆಯಾಗುವುದೆಂದರೆ ಮೊದಲು ನಂಬಿಕೆಯೇ ಬಾರದು.

ಭೂಕಂಪದ ಬಳಿಕ, ೨೦೦೨ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ ೧೮೯೩, ತೆರೆದ ನೆಲದ ಅಂತಸ್ತಿನ ಕಂಬ ತೊಲೆಗಳನ್ನು ಸಾಮಾನ್ಯ ಲೆಕ್ಕದ ಎರಡೂವರೆ ಪಟ್ಟು ಬಲಕ್ಕೆ ತಕ್ಕಂತೆ ಕಟ್ಟಬೇಕೆಂದು ವಿಧಿಸಿತು. ಕಂಬವು ತೊಲೆಗಿಂತ ಬಲವಾಗಿರಬೇಕೆಂಬುದು ಭೂಕಂಪಕ್ಕೆ ತಾಳಬೇಕಾದ ಕಟ್ಟಡಗಳ ಇನ್ನೊಂದು ಸೂತ್ರ. ತೊಲೆ ಬಿರಿದರೆ ಹಾನಿಯು ಅಲ್ಲಿಗಲ್ಲಿಗೆ ನಿಲ್ಲುವುದು. ಕಂಬ ಹೋದರೆ ಅದರ ಮೇಲಿನದೆಲ್ಲವೂ ಹೋಗುವುದು. ಹಳೆಯ ಕಟ್ಟಡಗಳಲ್ಲಿಯೂ ನೆಲದ ಅಂತಸ್ತಿನ ಕೆಲವು ಚೌಕಗಳಲ್ಲಿ ಕಾಂಕ್ರೀಟಿನ ಗೋಡೆ ಎಬ್ಬಿಸಬಹುದು, ಉಕ್ಕಿನ ಓರೆಪಟ್ಟಿ ಹಾಕಬಹುದು, ಕಂಬಗಳಿಗೆ ಹೊಸ ಕವಚ ತೊಡಿಸಬಹುದು. ನಮ್ಮ ಕಣ್ಣಿಗೆ ಬೀಳುವ ಎಷ್ಟೋ ಕಟ್ಟಡಗಳಿಗೆ ಇದೊಂದೂ ಆಗಿಲ್ಲ.

ಭೂಕಂಪಕ್ಕಾಗಿ ಕಾಯದೆ ಕೆಲಸ ಮಾಡುವ ಶತ್ರುವೊಬ್ಬನು ಮುಂಬಯಿಯಲ್ಲಿದ್ದಾನೆ, ಅವನೇ ತುಕ್ಕು. ಕಡಲ ಗಾಳಿಯ ಉಪ್ಪೂ ನಾಲ್ಕು ತಿಂಗಳ ಮಳೆಯೂ ಬಿರುಕುಗಳಲ್ಲಿ ಇಳಿದು ಸರಳನ್ನು ಮುಟ್ಟುವುವು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಹಿಡಿಯುವುದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಒಡೆದು ಉದುರಿಸುವುದು. ಗೋಡೆಯ ಗಾರೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಎಲ್ಲೆಲ್ಲಿಯೂ ಇರುವುವು, ಅವುಗಳಿಂದ ಭಯವಿಲ್ಲ. ಆದರೆ ಕಂಬದ ಉದ್ದಕ್ಕೆ, ಸರಳು ಇರುವ ಜಾಗದಲ್ಲಿಯೇ ನೆಟ್ಟಗೆ ಸಾಗಿದ ಬಿರುಕು, ಅದರಿಂದ ಇಳಿದ ಕೆಂಗಂದು ನೀರಿನ ಕಲೆ, ಇವನ್ನು ಕಂಡರೆ ಮನೆಯ ಹಿರಿಯರಿಗೂ ಸೊಸೈಟಿಯವರಿಗೂ ಅದೇ ದಿನ ತೋರಿಸಬೇಕು. ಬಣ್ಣ ಬಳಿಸಿ ಮುಚ್ಚಿಸಿದರೆ ಸಾಲದು. ಮೂವತ್ತು ವರ್ಷ ದಾಟಿದ ಕಟ್ಟಡಗಳನ್ನು ಎಂಜಿನಿಯರರಿಂದ ಪರೀಕ್ಷಿಸಬೇಕೆಂಬ ಕಾಯಿದೆಯೇ ಮುಂಬಯಿಯಲ್ಲಿದೆ. ನೀರಿನ ಕೊಳವೆಯನ್ನು ಹಾಯಿಸಲು ತೊಲೆಯ ಅಂಚನ್ನು ಕಡಿಯುವವರೂ, ಅಂಗಡಿಯ ಮುಂಭಾಗ ಅಗಲವಾಗಲೆಂದು ಕಂಬದ ಮೈಯನ್ನು ಕೆತ್ತುವವರೂ ಇದ್ದಾರೆ. ಅವರು ಕತ್ತರಿಸುವುದು ತಮ್ಮ ಮನೆಯನ್ನಲ್ಲ, ಮೇಲಿನ ಏಳು ಮನೆಗಳ ದಾರಿಯನ್ನು.

ಕೊನೆಗೆ ಪ್ರಯೋಗವೊಂದನ್ನು ಸೂಚಿಸುವೆವು. ಬೆಂಕಿಕಡ್ಡಿಗಳಿಂದ ನಾಲ್ಕು ಅಂತಸ್ತಿನ ಎರಡು ಮಾದರಿಗಳನ್ನು ಕಟ್ಟಿ, ಅವುಗಳ ಕಾಲುಗಳನ್ನು ರಟ್ಟಿನ ಮೇಲೆ ಅಂಟಿಸಿರಿ. ಒಂದರಲ್ಲಿ ನಾಲ್ಕೂ ಅಂತಸ್ತುಗಳ ಪಕ್ಕಗಳಿಗೆ ದಪ್ಪ ಕಾಗದವನ್ನು ಗೋಡೆಯಂತೆ ಅಂಟಿಸಿರಿ. ಇನ್ನೊಂದರಲ್ಲಿ ಮೇಲಿನ ಮೂರಕ್ಕೆ ಮಾತ್ರ. ಎರಡರ ನೆತ್ತಿಯ ಮೇಲೂ ಸಮ ತೂಕದ ಮಣ್ಣಿನ ಉಂಡೆಯನ್ನಿಟ್ಟು, ರಟ್ಟುಗಳನ್ನು ಮೇಜಿನ ಮೇಲೆ ಅತ್ತಿತ್ತ ಎಳೆದಾಡಿರಿ. ಯಾವ ಅಂತಸ್ತು ಎಷ್ಟು ವಾಲಿತೆಂಬುದನ್ನು ಹಿಂದೆ ನಿಲ್ಲಿಸಿದ ಅಡಿಕೋಲಿನಿಂದ ಅಳೆಯಬಹುದು. ಬಳಿಕ ಎರಡನೆಯ ಮಾದರಿಯ ಬುಡದ ಚೌಕಗಳಿಗೆ ಮೂಲೆಯಿಂದ ಮೂಲೆಗೆ ದಾರವನ್ನು ಬಿಗಿದು ಮತ್ತೆ ಅಲುಗಾಡಿಸಿರಿ. ದಾರವು ಎಳೆತವನ್ನು ಮಾತ್ರ ತಾಳುವುದು, ಒತ್ತಿದರೆ ಸಡಿಲವಾಗುವುದು. ಆದುದರಿಂದ ಒಂದೇ ದಾರ ಕಟ್ಟಿದರೆ ಮಾದರಿಯು ಒಂದು ಕಡೆಗೆ ನಿಲ್ಲುವುದು, ಇನ್ನೊಂದು ಕಡೆಗೆ ಬೀಳುವುದು. ಎರಡನ್ನು ಗುಣಾಕಾರದ ಚಿಹ್ನೆಯಂತೆ ಕಟ್ಟಬೇಕು.